ಕೆರೆಯೂ ಕೊಳವೆಬಾವಿಯೂ

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯ ಹೆಸರನ್ನು ಕೇಳಿದ ಪರಸ್ಥಳದವರು ಅಲ್ಲಿ ನೀರಿಗೆ ಕೊರತೆಯಿಲ್ಲವೆಂದು ಭಾವಿಸಿಯಾರು. ದೊಡ್ಡ ಕೆರೆಗಳನ್ನು ಸಮುದ್ರವೆಂದೂ ಸಾಗರವೆಂದೂ ಕರೆಯುವುದು ನಮ್ಮ ಪೂರ್ವಿಕರ ಪದ್ಧತಿಯಾಗಿತ್ತು. ವಸ್ತುಸ್ಥಿತಿಯಾದರೋ ಬೇರೆ. ಆಂಧ್ರದ ಗಡಿಗೆ ಸಮೀಪವಾದ ಈ ಸೀಮೆಯು, ಪಕ್ಕದ ಚಳ್ಳಕೆರೆಯಂತೆಯೇ, ಕರ್ನಾಟಕದಲ್ಲಿ ಅತ್ಯಲ್ಪ ಮಳೆ ಬೀಳುವ ಪ್ರದೇಶಗಳಲ್ಲೊಂದು. ವರ್ಷಕ್ಕೆ 20 ಅಂಗುಲದ ಆಸುಪಾಸು. ಶೇಂಗಾ ಬಿತ್ತಿ ಮುಗಿಲು ನೋಡುವ ರೈತನು ಕೊಳವೆಬಾವಿಯನ್ನು ಆಶ್ರಯಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಅವನನ್ನು ದೂಷಿಸುವುದು ನಮ್ಮ ಉದ್ದೇಶವೂ ಅಲ್ಲ.

ಆದರೂ ಒಂದು ಲೆಕ್ಕವನ್ನು ವಾಚಕರ ಮುಂದಿಡುವುದು ಅವಶ್ಯವಾಗಿದೆ. ಒಬ್ಬನು 300 ಅಡಿಗೆ ನೀರು ಕಂಡನೆನ್ನೋಣ. ಮರುವರ್ಷ ನೆರೆಹೊಲದವನು 500 ಅಡಿ ಕೊರೆಯಿಸುತ್ತಾನೆ. ಬಂಡೆಯ ಬಿರುಕುಗಳಲ್ಲಿ ನಿಂತ ನೀರಿಗೆ ಸರ್ವೆ ನಂಬರಿನ ಎಲ್ಲೆಕಲ್ಲು ತಿಳಿಯದು. ಮೊದಲನೆಯವನ ಬಾವಿ ಒಣಗುತ್ತದೆ. ಅವನು ಸಾಲಮಾಡಿ ಇನ್ನೂ ಆಳಕ್ಕೆ ಇಳಿಯುತ್ತಾನೆ. ಎರಡನೆಯವನು ಕೊರೆಯುವ ಲಾರಿಗೂ ಪೈಪಿಗೂ ಮೋಟಾರಿಗೂ ಹಣ ತೆತ್ತನು. ನೆರೆಯವನ ನಷ್ಟಕ್ಕೆ ಮಾತ್ರ ಒಂದು ಕಾಸನ್ನೂ ತೆರಲಿಲ್ಲ, ತೆರಬೇಕೆಂದು ಕೇಳಿದವರೂ ಇಲ್ಲ. ಒಬ್ಬನ ವ್ಯವಹಾರದ ಹೊರೆಯು ಅದರಲ್ಲಿ ಪಾಲಿಲ್ಲದವನ ತಲೆಯ ಮೇಲೆ ಬೀಳುವ ಈ ಬಗೆಯನ್ನೇ ಅರ್ಥಶಾಸ್ತ್ರಜ್ಞರು ಬಾಹ್ಯ ಪರಿಣಾಮವೆನ್ನುವರು. ಅಂಥ ನಷ್ಟವನ್ನು ಮಾಡಿದವನಿಂದಲೇ ತೆರಿಗೆಯ ರೂಪದಲ್ಲಿ ವಸೂಲುಮಾಡಬಹುದೆಂಬ ವಾದವನ್ನು ಆಂಗ್ಲ ಪಂಡಿತನಾದ ಪಿಗೂ ಎಂಬಾತನು 1920ರ ತನ್ನ ಗ್ರಂಥದಲ್ಲಿ ಬೆಳೆಸಿದನು. ನಮ್ಮಲ್ಲಿ ನಡೆದಿರುವುದು ತದ್ವಿರುದ್ಧ: 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ 2008ರಿಂದ ವಿದ್ಯುತ್ತೇ ಉಚಿತ. ಒಣಗಿದ ಬಾವಿಯ ಸಾಲ ತೀರಿಸುತ್ತಿರುವವನಿಗೆ ಇದು ಉಪಕಾರವೆಂದು ಯಾರು ಹೇಳಿಯಾರು? ಅತ್ತ ಬಾವಿಯೂ ಜಮೀನೂ ಇಲ್ಲದ ಕೂಲಿಯವನ ಮನೆಯವರಿಗೆ ದೊರೆಯುವುದು ಹಲವೆಡೆ ಫ್ಲೋರೈಡ್ ಬೆರೆತ ಆಳದ ನೀರು. ಅವರ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯು ಯಾವ ಲೆಕ್ಕಪುಸ್ತಕದಲ್ಲಿಯೂ ಖರ್ಚಾಗಿ ಬರೆಯಲ್ಪಡುವುದಿಲ್ಲ.

ಕೆರೆಯದು ಇದರ ಮಗ್ಗುಲು ತಿರುಗಿಸಿದ ಕಥೆ. ತುಂಬಿದ ಕೆರೆಯಿಂದ ಇಂಗಿದ ನೀರು ಏರಿಯ ಕೆಳಗಿನ ಎಲ್ಲರ ಬಾವಿಗಳಿಗೂ ಒಸರುತ್ತದೆ. ಹೂಳೆತ್ತಲು ಬಂದವನಿಗೂ ಬಾರದವನಿಗೂ ಸಮಾನವಾಗಿ. ಬಾರದೆಯೇ ಲಾಭ ಸಿಕ್ಕುವುದಾದಲ್ಲಿ ಗುದ್ದಲಿ ಹಿಡಿಯುವವನಾರು? ಇದಕ್ಕೆ ನಮ್ಮವರು ಕಂಡುಕೊಂಡಿದ್ದ ಉಪಾಯಗಳ ಹೆಸರುಗಳು ಶಾಸನಗಳಲ್ಲಿಯೇ ಉಳಿದಿವೆ: ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ. ಕೆರೆಯನ್ನು ಕಟ್ಟಿ ಕಾಪಾಡಿದವನಿಗೆ ಅದರ ಕೆಳಗಿನ ಭೂಮಿಯಲ್ಲಿ ಪಾಲು. ನೀರು ಹಂಚುವ ನೀರಗಂಟಿಗೆ ಊರಿನಿಂದ ಧಾನ್ಯ. ಮೈಸೂರು ಸಂಸ್ಥಾನವು 1911ರಲ್ಲಿ ಕೆರೆ ಪಂಚಾಯತಿಗಳಿಗಾಗಿ ಕಾನೂನನ್ನೇ ಮಾಡಿತು. ಆ ಕಾಲವೆಲ್ಲ ಚಿನ್ನದ ಕಾಲವೆಂದು ನಾವು ಹೇಳೆವು. ತೂಬಿನ ಬುಡದವನಿಗೂ ಕಾಲುವೆಯ ಕೊನೆಯವನಿಗೂ ಇದ್ದ ಅಂತರ, ಬಿಟ್ಟಿಯಾಗಿ ದುಡಿದವರು ಯಾವ ಕೇರಿಯವರೆಂಬುದು ಎಲ್ಲರಿಗೂ ತಿಳಿದ ವಿಷಯ. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ದಾರಿಯುದ್ದಕ್ಕೂ ಬಾವಿಗಳನ್ನು ತೋಡಿಸಿದೆನೆಂಬ ಅವನ ಮಾತು ದೊರೆಯುವುದು ದೂರದ ಗಿರ್ನಾರಿನಲ್ಲಿ, ಇಲ್ಲಲ್ಲ. ದುರ್ದೈವವೆನ್ನಬೇಕೆ?

ಕಾನೂನುಗಳಿಗೇನೂ ಈಗ ಬರವಿಲ್ಲ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅಪ್ಪಣೆಯಿಲ್ಲದೆ ಬಾವಿ ತೋಡಕೂಡದೆಂದು 1999ರ ಕಾನೂನು ಹೇಳುತ್ತದೆ. ಕೊರೆಯುವ ಯಂತ್ರಗಳ ನೋಂದಣಿಯನ್ನು 2011ರ ಕಾನೂನು ವಿಧಿಸಿದೆ. ಆದರೆ ರಾತ್ರಿ ಬಂದು ಬೆಳಗಾಗುವುದರೊಳಗೆ ಹೋಗುವ ಲಾರಿಯನ್ನು ತಾಲ್ಲೂಕು ಕಚೇರಿಯಲ್ಲಿ ಕುಳಿತು ತಡೆಯುವುದು ಹೇಗೆ? ಊರಿನವರಿಗೆ ಮಾತ್ರವೇ ಅದು ಸಾಧ್ಯ. ಹಂಚಿಕೊಂಡ ಸಂಪತ್ತನ್ನು ಜನರೇ ಕಟ್ಟಳೆಗಳನ್ನು ಮಾಡಿಕೊಂಡು ಕಾಪಾಡಬಲ್ಲರೆಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಎಂಬ ಅಮೆರಿಕದ ವಿದುಷಿಗೆ 2009ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ನಿದರ್ಶನಕ್ಕಾಗಿ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಗಡಿಯಾಚೆಯ ಅನಂತಪುರ ಜಿಲ್ಲೆಯೂ ಸೇರಿದಂತೆ ಆಂಧ್ರದ ಬರಸೀಮೆಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ರೈತರೇ ಮಳೆಯನ್ನೂ ಬಾವಿಯ ಮಟ್ಟವನ್ನೂ ಅಳೆದು, ಉಳಿದ ನೀರೆಷ್ಟೆಂದು ಸಭೆಯಲ್ಲಿ ಓದಿ, ಹಿಂಗಾರಿಗೆ ಏನು ಬಿತ್ತಬೇಕೆಂದು ಆಲೋಚಿಸಿದರು. ದಂಡವಿರಲಿಲ್ಲ, ಲೆಕ್ಕವು ಎಲ್ಲರ ಕಣ್ಣಿಗೆ ಬಿದ್ದಿತು, ಅಷ್ಟೆ.

ಭದ್ರಾ ಮೇಲ್ದಂಡೆಯ ನೀರು ಬಂದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆಯು ಜಿಲ್ಲೆಯಲ್ಲಿ ಬಲವಾಗಿದೆ. ಬರಲಿ, ಅದನ್ನು ನಾವೂ ಬಯಸುತ್ತೇವೆ. ಆದರೆ ತುಂಬಿಸಿದ ಕೆರೆಯ ಸುತ್ತ ನೂರು ಹೊಸ ಬಾವಿಗಳೆದ್ದರೆ ಆ ನೀರು ಎಷ್ಟು ದಿನ ಬಂದೀತು? ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳಿರೆಂದು ನಾವು ಸರ್ಕಾರದವರಿಗೆ ಹೇಳುವುದಿಲ್ಲ. ಪಂಜಾಬಿನಲ್ಲಿ 2018ರಲ್ಲಿ ಆರಂಭಿಸಿದಂತೆ, ಗೊತ್ತುಪಡಿಸಿದ ಪ್ರಮಾಣಕ್ಕಿಂತ ಕಡಿಮೆ ವಿದ್ಯುತ್ತನ್ನು ಬಳಸಿದ ರೈತನಿಗೆ ಉಳಿಸಿದ ಪ್ರತಿ ಯೂನಿಟ್ಟಿಗೂ ಹಣ ಕೊಡಿರೆಂದು ಕೇಳುತ್ತೇವೆ. ದೇವಸಮುದ್ರ ಹೋಬಳಿಯ ಪಂಚಾಯತಿಯವರಾದರೋ ಸರ್ಕಾರದ ಉತ್ತರಕ್ಕಾಗಿ ಕಾಯಬೇಕಾದುದಿಲ್ಲ. ಒಂದು ಮಳೆಮಾಪಕ, ಬಾವಿಗೆ ಇಳಿಬಿಡಲು ಒಂದು ಅಳತೆಯ ಹಗ್ಗ, ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಒಂದು ಕರಿಹಲಗೆ: ಇಷ್ಟನ್ನು ಬರುವ ಹಿಂಗಾರಿನ ಬಿತ್ತನೆಗೆ ಮೊದಲೇ ಅವರು ಒದಗಿಸಬಲ್ಲರು.