ಜೇಡಗಳಿಗೂ ಕೆಲಸವಿರುವ ನೆಲಮಾಳಿಗೆ

ಉತ್ತರ ಸ್ಪೇನಿನ ಆರೋ ಪಟ್ಟಣದ ಬಳಿ ಎಬ್ರೋ ನದಿ ಜೋರಾಗಿ ಬಳುಕಿ, ನೂರು ಹೆಕ್ಟೇರಿಗೂ ಮಿಕ್ಕಿದ ಒಂದು ನೆಲವನ್ನು ಬಳಸಿಕೊಂಡು ಹರಿಯುತ್ತದೆ. ಅದೇ ತೊಂದೋನಿಯಾ ದ್ರಾಕ್ಷಿ ತೋಟ. ಉತ್ತರದಲ್ಲಿ ಕಾಂತಾಬ್ರಿಯಾ ಬೆಟ್ಟಸಾಲು ಕಡಲಿನ ಮಳೆಗಾಳಿಗೆ ಅಡ್ಡ ನಿಂತಿದೆ. ಇಲ್ಲಿನ ಹಳೆಯ ಬಳ್ಳಿಗಳಿಗೆ ಚಪ್ಪರವಿಲ್ಲ, ತಂತಿಯಿಲ್ಲ. ಗಂಟುಗಂಟಾದ ಗಿಡ್ಡ ಬೊಡ್ಡೆಗಳು ಸುಣ್ಣಕಲ್ಲು ಬೆರೆತ ಜೇಡಿಮಣ್ಣಿನಲ್ಲಿ ಬೇರೂರಿ ತಾವೇ ನಿಂತಿವೆ. ಮುದಿ ಬಳ್ಳಿ ಗೊಂಚಲು ಬಿಡುವುದು ಕಡಿಮೆ. ಬಿಟ್ಟ ಹಣ್ಣಿನ ರಸ ಮಾತ್ರ ಗಟ್ಟಿ. ಬಹುಪಾಲು ಟೆಂಪ್ರಾನಿಯೋ ತಳಿ, ಜೊತೆಗೆ ಗಾರ್ನಾಚಾ, ತುಸು ಗ್ರಾಸಿಯಾನೋ ಮತ್ತು ಮಾಸುವೇಲೊ.

ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ತಿಂದು ಹಾಕಿದಾಗ ಅಲ್ಲಿನ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಆರೋಗೆ ಬಂದರು. ಪೀಪಾಯಿ ಸಾಗಿಸಲು ರೈಲು ಇತ್ತು. ನಿಲ್ದಾಣದ ಸುತ್ತಲೇ ವೈನ್ ಮನೆಗಳು ಎದ್ದವು. ರಫಾಯೆಲ್ ಲೋಪೆಸ್ ದೆ ಎರೆದಿಯಾ 1877ರಲ್ಲಿ ತನ್ನ ವೈನ್ ಮನೆ ಕಟ್ಟತೊಡಗಿದ್ದು ಇಲ್ಲಿಯೇ. ತೊಂದೋನಿಯಾದಲ್ಲಿ ಬಳ್ಳಿ ನೆಡಿಸಿದ್ದು 1913ರ ಸುಮಾರಿಗೆ. ಈಗ ಮನೆತನದ ನಾಲ್ಕನೆಯ ತಲೆಮಾರು ಆ ವೈನ್ ಮನೆಯನ್ನು ನಡೆಸುತ್ತಿದೆ.

ನೆಲಮಾಳಿಗೆಗೆ ಇಳಿದರೆ ಮೈಗೆ ತೇವದ ತಂಪು ತಾಗುತ್ತದೆ. ಮರಳುಗಲ್ಲನ್ನು ಕೈಯಿಂದ ಕೊರೆದು ಮಾಡಿದ ಉದ್ದನೆಯ ಸುರಂಗಗಳು, ಎರಡೂ ಬದಿಗೆ 225 ಲೀಟರಿನ ಪೀಪಾಯಿಗಳ ಸಾಲು. ಅಮೆರಿಕದಿಂದ ತರಿಸಿದ ಓಕ್ ಮರವನ್ನು ಹದಮಾಡಿ, ಈ ಪೀಪಾಯಿಗಳನ್ನು ಕಟ್ಟುವವರೂ ಮನೆಯ ಬಡಗಿಗಳೇ. ಬಾಟಲಿಗಳು ಮಲಗಿರುವ ಕೋಣೆಯ ಗೋಡೆಗಳಿಗೆ ಕಪ್ಪು ಬೂಷ್ಟು ದಪ್ಪಗೆ ಹತ್ತಿದೆ. ಮೇಲಿನಿಂದ ಜೇಡರ ಬಲೆಗಳು ಬೂದುಬಣ್ಣದ ಪರದೆಗಳಾಗಿ ಜೋತುಬಿದ್ದಿವೆ. ಅವನ್ನು ಯಾರೂ ಗುಡಿಸುವುದಿಲ್ಲ. ಬಿರಡೆ ಕೊರೆಯುವ ಹುಳುಗಳ ಪತಂಗಗಳನ್ನು ಹಿಡಿಯುವುದು ಈ ಬಲೆಗಳೇ. ಇಲ್ಲಿ ಹಳತನ್ನು ಉಳಿಸಿಕೊಂಡಿರುವುದು ನೋಡುವವರ ಕಣ್ಣಿಗಾಗಿ ಅಲ್ಲ, ಅದರಿಂದ ಕೆಲಸ ಆಗುತ್ತದೆ ಎಂಬ ಕಾರಣಕ್ಕೆ. ಈ ಮನೆಯ ಮೇಲೆ ನನಗಿರುವ ಗೌರವದ ಮೂಲವೂ ಅದೇ.

ಆರೋ ಇರುವ ರಿಯೋಹಾ ಸೀಮೆಯ ಕಾನೂನಿನಂತೆ 'ರಿಸರ್ವಾ' ಎನಿಸಿಕೊಳ್ಳಲು ಕೆಂಪು ವೈನ್ ಪೀಪಾಯಿಯಲ್ಲಿ ಕಳೆಯಬೇಕಾದದ್ದು ಕನಿಷ್ಠ ಒಂದು ವರ್ಷ. ತೊಂದೋನಿಯಾ ರಿಸರ್ವಾ ಸುಮಾರು ಆರು ವರ್ಷ ಇರುತ್ತದೆ. ಅಷ್ಟು ಕಾಲ ಸುಮ್ಮನೆ ಬಿಟ್ಟಿರುವುದೂ ಇಲ್ಲ. ವರ್ಷಕ್ಕೆ ಎರಡು ಸಲ ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಕೈಯಿಂದಲೇ ಬಗ್ಗಿಸಬೇಕು. ತಿಳಿ ಇಳಿಯುತ್ತಿರುವಾಗ ಕೆಲಸಗಾರನ ಕಣ್ಣು ಧಾರೆಯ ಮೇಲೆಯೇ. ಗಸಿಯ ಮೊದಲ ಎಳೆ ಕಂಡಿತೋ, ಅಲ್ಲಿಗೆ ನಿಲ್ಲಿಸಬೇಕು. ಬಾಟಲಿಗೆ ತುಂಬುವ ಮುನ್ನ ಮೊಟ್ಟೆಯ ಬಿಳಿ ಕಡೆದು ಹಾಕುತ್ತಾರೆ. ತೇಲುತ್ತಿದ್ದ ಕದಡನ್ನೆಲ್ಲ ಅದು ಹಿಡಿದು ತಳಕ್ಕೆ ಎಳೆಯುತ್ತದೆ.

ಹೀಗೆ ಮಾಗಿದ ವೈನ್ ಲೋಟದಲ್ಲಿ ಕಡುಕೆಂಪಾಗಿ ಕಾಣುವುದಿಲ್ಲ, ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಒಣ ಚೆರ್ರಿ, ಕಿತ್ತಳೆ ಸಿಪ್ಪೆ, ಹದಮಾಡಿದ ತೊಗಲು, ಹೊಗೆಸೊಪ್ಪು, ಒಂದೊಂದೇ ವಾಸನೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ನಾಲಗೆಯ ಮೇಲೆ ಹುಳಿ ಇನ್ನೂ ಚುರುಕು. ಈ ಸೀಮೆಯವರು ಚಳಿಗಾಲದಲ್ಲಿ ಸವರಿದ ದ್ರಾಕ್ಷಿ ಕಡ್ಡಿಗಳನ್ನು ಕಟ್ಟುಕಟ್ಟಾಗಿ ಒಣಗಿಸಿ ಇಟ್ಟುಕೊಂಡಿರುತ್ತಾರೆ. ಅದೇ ಕಡ್ಡಿಗಳ ಕೆಂಡದ ಮೇಲೆ ಕುರಿಮರಿಯ ಪಕ್ಕೆಲುಬಿನ ತುಂಡುಗಳನ್ನು ಬರೀ ಉಪ್ಪು ಹಾಕಿ ಸುಟ್ಟು, ಬಿಸಿ ಆರುವ ಮೊದಲೇ ಕೈಯಲ್ಲಿ ಹಿಡಿದು ತಿನ್ನುತ್ತಾರೆ. ಆ ಕೊಬ್ಬಿಗೆ ಸರಿಜೋಡಿ ಈ ಹುಳಿಯೇ.