ನಿಮಗಿದು ಗೊತ್ತೆ? ಸೋಮನಾಥಪುರದ 64 ಗೂಡುಗಳಲ್ಲಿ ಲಾಗರಿದಂ

ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದರೆ ಕೇಶವ ದೇವಾಲಯದ ಸುತ್ತಿನ ಕೈಸಾಲೆಯ ಗೂಡುಗಳನ್ನು ಎಣಿಸಿ. ಒಟ್ಟು 64. ಅರ್ಧ ಮಾಡುತ್ತ ಹೋಗಿ: 32, 16, 8, 4, 2, 1. ಆರು ಸಲಕ್ಕೆ ಒಂದು ಬಂತು. ಈ ಆರೇ 2ರ ಆಧಾರದಲ್ಲಿ 64ರ ಲಾಗರಿದಂ.

ಇದನ್ನು ‘ಅರ್ಧಚ್ಛೇದ’ ಎಂದು ಕರೆದು ನಿಯಮಗಳನ್ನು ಹೇಳಿದವರು ಜೈನಾಚಾರ್ಯ ವೀರಸೇನರು, 9ನೇ ಶತಮಾನದ ‘ಧವಳಾ’ ಟೀಕೆಯಲ್ಲಿ. ಯುರೋಪಿನಲ್ಲಿ ನೇಪಿಯರ್ ಲಾಗರಿದಂ ಕೋಷ್ಟಕ ಪ್ರಕಟಿಸಿದ್ದು 1614ರಲ್ಲಿ. ಧವಳಾದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡುಬಿದಿರೆ. ಭಾಷೆ ಪ್ರಾಕೃತ–ಸಂಸ್ಕೃತ, ಲಿಪಿ ಹಳಗನ್ನಡ. ಕನ್ನಡಿಗರು ಹೆಮ್ಮೆಪಡಲೇಬೇಕಾದ ಸಂಗತಿ!

ಪಿಯುಸಿ ಮಕ್ಕಳು ಬಿಡಿಸಿ ಬರೆಯುವ ಲಾಗರಿದಂ ಸೂತ್ರಗಳ ತಿರುಳು ಈ ಅರ್ಧಚ್ಛೇದದ ನಿಯಮಗಳೇ. ಗುಣಾಕಾರ ಕೂಡುವುದಾಗುತ್ತದೆ: 64 ಎಂದರೆ 16 × 4, ಅರ್ಧಚ್ಛೇದ 4 + 2. ಭಾಗಾಕಾರ ಕಳೆಯುವುದಾಗುತ್ತದೆ. ಘಾತ ಮುಂದೆ ಬಂದು ಗುಣಿಸುತ್ತದೆ. ಮೂರನ್ನೂ ಒಟ್ಟಿಗೆ ನೋಡಬೇಕೆ? 16ರ ವರ್ಗವನ್ನು 4ರಿಂದ ಗುಣಿಸಿ 8ರಿಂದ ಭಾಗಿಸಿ. ಬಿಡಿಸಿದರೆ (2 × 4) + 2 − 3 = 7. ಉತ್ತರ 128, ಅದನ್ನು ಏಳು ಸಲ ಅರ್ಧ ಮಾಡಿದರೆ ಒಂದು. ಸರಿಹೋಯಿತು.

ನಂಜನಗೂಡಿನಲ್ಲಾಗಲಿ ನರಸೀಪುರದಲ್ಲಾಗಲಿ ಪರೀಕ್ಷೆಗೆ ಓದುತ್ತಿರುವವರು ಒಂದನ್ನು ನೆನಪಿಡಿ: ಕೂಡಿದ ಸಂಖ್ಯೆಗಳನ್ನು ಹೀಗೆ ಬಿಡಿಸುವಂತಿಲ್ಲ. 16 + 16 = 32ರ ಅರ್ಧಚ್ಛೇದ 5, ಎಂಟಲ್ಲ.