ಲುಂಬಿನಿಯ ಶಿಲಾಸ್ತಂಭ

ದೂರದ ತೀರ್ಥಗಳು ಹಣವಂತರಿಗಷ್ಟೇ ಎಂಬ ಮಾತು ಲುಂಬಿನಿಯ ಮಟ್ಟಿಗೆ ಸಲ್ಲದು. ಗೋರಖಪುರದವರೆಗೆ ರೈಲು, ಅಲ್ಲಿಂದ ಸೋನೌಲಿಗೆ ಬಸ್ಸು. ಗಡಿ ದಾಟಿದರೆ ನೇಪಾಳದ ಭೈರಹವಾ, ಮುಂದೆ ಮತ್ತೊಂದು ಬಸ್ಸು. ನಿವೃತ್ತಿವೇತನದ ಮಿತಿಯಲ್ಲಿ ನಾನು ಹೋದದ್ದು ಹೀಗೆಯೇ. ಇರುಳು ತಂಗಿದ್ದು ಒಂದು ವಿಹಾರದ ಸರಳವಾದ ಕೋಣೆಯಲ್ಲಿ.

ಇದೇ ಬುದ್ಧನ ಜನ್ಮಸ್ಥಳವೆಂದು ಸಾರುವುದು 1896ರಲ್ಲಿ ಬೆಳಕಿಗೆ ಬಂದ ಸ್ತಂಭಶಾಸನ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಕೆಲವೇ ಸಾಲುಗಳು. ಪಟ್ಟವೇರಿ ಇಪ್ಪತ್ತು ವರ್ಷಗಳಾದ ಮೇಲೆ ದೇವಾನಾಂಪ್ರಿಯ ಪ್ರಿಯದರ್ಶಿ ರಾಜನು ತಾನೇ ಇಲ್ಲಿಗೆ ಬಂದು ಪೂಜೆ ಸಲ್ಲಿಸಿದನೆಂದು ಅದು ತಿಳಿಸುತ್ತದೆ. ಅಶೋಕನೆಂಬ ಹೆಸರು ಅದರಲ್ಲಿಲ್ಲ. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಆ ಹೆಸರು ಮೊದಲು ಕಾಣಿಸಿದ್ದು 1915ರಲ್ಲಿ ಪತ್ತೆಯಾದ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಲ್ಲಿ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಲುಂಬಿನಿಯ ಶಾಸನದ ಕೊನೆಯ ಮಾತು. ಭಗವಂತನು ಹುಟ್ಟಿದ ಊರೆಂಬ ಕಾರಣಕ್ಕೆ ಅಶೋಕನು ಈ ಗ್ರಾಮಕ್ಕೆ 'ಬಲಿ' ಎಂಬ ತೆರಿಗೆಯನ್ನು ಬಿಟ್ಟುಕೊಟ್ಟನು. ಬೆಳೆಯ ಮೇಲಿನ ರಾಜಭಾಗವನ್ನು ಎಂಟರಲ್ಲೊಂದು ಪಾಲಿಗೆ ಇಳಿಸಿದನು. ದೊರೆ ಬಂದರೆ ಊರಿನ ಹೊರೆ ಹೆಚ್ಚುವುದು ಲೋಕರೂಢಿ. ಇಲ್ಲಿ ಅದು ಇಳಿಯಿತು. ಪೂಜೆಯ ಫಲ ಒಕ್ಕಲಿನ ಕಣಕ್ಕೂ ಮುಟ್ಟಿತು. ಹೊನ್ನನ್ನು ಅರ್ಪಿಸಲಾರದ ನಮ್ಮಂಥ ಯಾತ್ರಿಕರು, ತಂಗಿದ ಊರಿಗೆ ಭಾರವಾಗದೆ ಹಿಂದಿರುಗಿದರೆ ಅದೂ ಒಂದು ಪೂಜೆಯೇ ಅಲ್ಲವೆ?